ಸಾಲದಾಳು, ಮೂಲದಾಳು

ಬೈರಮಂಗಲದಲ್ಲಿ ಎಪ್ಪತ್ತೈದು ವರ್ಷ ದಾಟಿದ ವೃದ್ಧನೊಬ್ಬನಿದ್ದಾನೆ. ಹತ್ತು ವರ್ಷದ ಹುಡುಗನಾಗಿದ್ದಾಗ ಅವನನ್ನು ತಂದೆಯು ಜೀತಕ್ಕೆ ಬಿಟ್ಟನು. ಅಕ್ಕನ ಮದುವೆಗೆಂದು ತಂದ ಸಾಲವೇ ಅದಕ್ಕೆ ಕಾರಣ. ವರ್ಷಕ್ಕೆ ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಎಕ್ಕಡ. ಮಲಗುವುದಕ್ಕೆ ದನದ ಕೊಟ್ಟಿಗೆ. ದುಡಿಮೆಯೆಲ್ಲವೂ ಬಡ್ಡಿಗೆ ಸಲ್ಲುತ್ತಿದ್ದಿತು. ಅಸಲು ಮಾತ್ರ ಇದ್ದಲ್ಲಿಯೇ ಇದ್ದಿತು. ಹೀಗೆ ಹದಿನಾರು ವರ್ಷಗಳು ಕಳೆದವು. ಊರ ಶಾಲೆಯ ಹುಡುಗರು ಚರಿತ್ರೆಯ ಪಾಠದಲ್ಲಿ ಅಮೆರಿಕಾದ ಗುಲಾಮಗಿರಿಯ ಸಂಗತಿಯನ್ನು ಓದಿಕೊಂಡು ಬಂದು, “ತಾತ, ನೀನೂ ಗುಲಾಮನಾಗಿದ್ದೆಯಾ?” ಎಂದು ಕೇಳಿದಾಗ ಆತನಿಗೆ ಬಹಳ ಸಿಟ್ಟು ಬಂದಿತಂತೆ. “ಗುಲಾಮ ಅನ್ನಬೇಡ ಕಣೋ. ನಮ್ಮದು ಜೀತ. ನನ್ನನ್ನ ಯಾರೂ ಕೊಂಡುಕೊಂಡಿರಲಿಲ್ಲ” ಎಂದು ಹೇಳಿ, ಕಂಬಳಿಯನ್ನು ಕೊಡವಿಕೊಂಡು ಎದ್ದುಹೋದನು.

ಈ ಉತ್ತರವನ್ನು ಮುದುಕನ ಅಭಿಮಾನದ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಇದೇ ಭೇದವನ್ನು ಹಿಡಿದುಕೊಂಡು ದೊಡ್ಡದೊಡ್ಡ ಪಂಡಿತರೂ ಪಾದ್ರಿಗಳೂ ನ್ಯಾಯಾಧಿಪತಿಗಳೂ ಶತಮಾನಗಳ ಕಾಲ ವಾದಿಸಿದ್ದಾರೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ದಾಸರು ಏಳು ಬಗೆಯವರೆಂದು ಎಣಿಸಿದೆ. ನಾರದಸ್ಮೃತಿಯು ಹದಿನೈದು ಬಗೆಗಳನ್ನು ಹೇಳುತ್ತದೆ. ಮನೆಯಲ್ಲಿ ಹುಟ್ಟಿದವನು, ಕ್ರಯಕ್ಕೆ ಬಂದವನು, ಯುದ್ಧದಲ್ಲಿ ಸಿಕ್ಕವನು ಇವರ ಸಾಲಿನಲ್ಲಿಯೇ ಮಹಾಋಣದಿಂದ ಬಿಡಿಸಲ್ಪಟ್ಟವನನ್ನೂ ಅದು ಕುಳ್ಳಿರಿಸುತ್ತದೆ. ಕೌಟಿಲ್ಯನಂತೂ ದಾಸರಿಗೂ ಕೂಲಿಯಾಳುಗಳಿಗೂ ಒಂದು ಪ್ರಕರಣವನ್ನೇ ಮೀಸಲಾಗಿಟ್ಟು, ಒತ್ತೆಯಾಗಿ ಇರಿಸಿಕೊಂಡವರನ್ನು ಹೇಗೆ ನಡೆಸಿಕೊಳ್ಳಬಾರದೆಂಬುದನ್ನು ವಿಧಿಸಿದ್ದಾನೆ. ಭಾರತದಲ್ಲಿ ದಾಸರೇ ಇಲ್ಲವೆಂದು ಬರೆದ ಮೆಗಸ್ತನೀಸನು ಯಾವ ಬೀದಿಯಲ್ಲಿ ಸಂಚರಿಸಿದನೋ ತಿಳಿಯದು. ಪರದೇಶಿಯ ಕಣ್ಣಿಗೆ ಕೆಲವು ವೇಳೆ ಊರವರಿಗೆ ಕಾಣದುದು ಕಾಣುತ್ತದೆ. ಕೆಲವು ವೇಳೆ ಎದುರಿಗಿರುವುದೂ ಕಾಣುವುದಿಲ್ಲ.

ಸಾಲದಾಳಿಗೂ ಕ್ರಯದಾಳಿಗೂ ಇರುವ ಭೇದವನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡ ಪರದೇಶಿಗಳ ಒಂದು ಜನವಿದ್ದಿತು. ಅವರು ಜರ್ಮನಿಯ ಬಡವರು. 17 ಮತ್ತು 18ನೆಯ ಶತಮಾನಗಳಲ್ಲಿ ಅವರು ಅಮೆರಿಕಾಕ್ಕೆ ವಲಸೆ ಹೋದರು. 19ನೆಯ ಶತಮಾನದಲ್ಲಿ ಅವರ ನಾಡಿನವರೇ ಪಾದ್ರಿಗಳಾಗಿ ಮಂಗಳೂರಿಗೂ ಧಾರವಾಡಕ್ಕೂ ಕೊಡಗಿಗೂ ಬಂದರು. ಎರಡು ಕಡೆಯಲ್ಲಿಯೂ ಅವರಿಗೆ ಎದುರಾದುದು ಮನುಷ್ಯನನ್ನು ಸೊತ್ತೆಂದು ತಿಳಿಯುವ ವ್ಯವಸ್ಥೆಯೇ. ಆದಕಾರಣ ಅವರ ನಡೆಯನ್ನು ವಿಚಾರಿಸುವುದು ಕನ್ನಡಿಗರಿಗೆ ಹೊರಗಿನ ಕಥೆಯಲ್ಲ.

ಮೊದಲು ಸಾಲದಾಳುಗಳ ಮಾತು. ವೂರ್ಟೆಂಬರ್ಗ್ ಸೀಮೆಯ ಗಾಟ್ಲೀಬ್ ಮಿಟ್ಟೆಲ್‌ಬರ್ಗರ್ ಎಂಬ ಉಪಾಧ್ಯಾಯನು 1750ರಲ್ಲಿ ಒಂದು ಆರ್ಗನ್ ವಾದ್ಯವನ್ನು ತಲಪಿಸುವುದಕ್ಕಾಗಿ ಪೆನ್ಸಿಲ್ವೇನಿಯಾಕ್ಕೆ ಹೋಗಿ, ಕೆಲವು ವರ್ಷಗಳ ತರುವಾಯ ಹಿಂದಿರುಗಿ, 1756ರಲ್ಲಿ ತನ್ನ ಪ್ರಯಾಣದ ವೃತ್ತಾಂತವನ್ನು ಅಚ್ಚುಹಾಕಿಸಿದನು. ಹಡಗಿನ ಬಾಡಿಗೆಯನ್ನು ಕೊಡಲಾರದ ಜರ್ಮನರು ಸಾಲದ ಮೇಲೆ ಹತ್ತುತ್ತಿದ್ದರು. ಹಡಗು ಫಿಲಡೆಲ್ಫಿಯಾ ಬಂದರಿಗೆ ಸೇರಿದರೂ ಅವರು ಇಳಿಯುವಂತಿರಲಿಲ್ಲ. ಊರಿನ ಹಣವಂತರು ಹಡಗಿಗೆ ಬಂದು, ಗಟ್ಟಿಮುಟ್ಟಾದವರನ್ನು ಆರಿಸಿ, ಅವರ ಬಾಡಿಗೆಯನ್ನು ನಾವಿಕನಿಗೆ ಕಟ್ಟಿ, ಮೂರು ವರ್ಷಕ್ಕೋ ಆರು ವರ್ಷಕ್ಕೋ ಕರಾರು ಬರೆಸಿಕೊಂಡು ಕರೆದೊಯ್ಯುತ್ತಿದ್ದರು. ರೋಗಿಗಳನ್ನು ಯಾರೂ ಕೇಳುತ್ತಿರಲಿಲ್ಲ. ಅವರು ಹಡಗಿನಲ್ಲಿಯೇ ಬಿದ್ದಿರುತ್ತಿದ್ದರು. ತಂದೆತಾಯಿಗಳು ತಮ್ಮ ಸಾಲ ತೀರಲೆಂದು ಮಕ್ಕಳನ್ನು ಮಾರುತ್ತಿದ್ದರು. ಚಿಕ್ಕ ಮಕ್ಕಳು ಇಪ್ಪತ್ತೊಂದನೆಯ ವರ್ಷದ ವರೆಗೂ ದುಡಿಯಬೇಕಾಗಿದ್ದಿತು. ಅರ್ಧ ದಾರಿ ಕಳೆದ ಮೇಲೆ ಗಂಡನು ಸಮುದ್ರದಲ್ಲಿ ಸತ್ತರೆ ಅವನ ಬಾಡಿಗೆಯನ್ನೂ ಹೆಂಡತಿಯೇ ದುಡಿದು ತೀರಿಸಬೇಕು. ಬೈರಮಂಗಲದ ಮುದುಕನಿಗೆ ಈ ಪುಸ್ತಕವನ್ನು ಓದಿ ಹೇಳಿದರೆ ಅವನು ಅದರಲ್ಲಿ ಅಪರಿಚಿತವಾದುದೆಂದು ಸಮುದ್ರವೊಂದನ್ನೇ ತೋರಿಸಿಯಾನು.

ಆದರೂ ಭೇದವೇನೋ ಇದ್ದೇ ಇದ್ದಿತು. ಜರ್ಮನ್ ಆಳಿನ ಕರಾರಿಗೆ ಒಂದು ಕೊನೆಯ ದಿನವಿದ್ದಿತು. ಅವನ ಮಗುವು ಹುಟ್ಟುತ್ತಲೇ ಒಡೆಯನ ಸೊತ್ತಾಗುತ್ತಿರಲಿಲ್ಲ. ಆಫ್ರಿಕಾದಿಂದ ತಂದ ಕರಿಯ ಆಳಿಗೆ ಇವೆರಡೂ ಇಲ್ಲ. ತಾವು ಸಂತೆಯಲ್ಲಿ ನಿಂತು ಬಂದವರು, ಅದಕ್ಕಿಂತ ಕ್ರೂರವಾದ ಇನ್ನೊಂದು ಸಂತೆಯನ್ನು ಕಂಡಾಗ ಏನು ಮಾಡಿದರೆಂಬುದೇ ಇಲ್ಲಿಯ ಪ್ರಶ್ನೆ.

ಇಂಥ ಹಡಗುಗಳು ಹೆಚ್ಚುವುದಕ್ಕೆ ಮುಂಚೆಯೇ, ಫಿಲಡೆಲ್ಫಿಯಾದ ಹತ್ತಿರ ನೇಕಾರರೇ ಹೆಚ್ಚಾಗಿದ್ದ ಜರ್ಮನ್‌ಟೌನ್ ಎಂಬ ಹಳ್ಳಿಯಲ್ಲಿ 1688ರಲ್ಲಿ ನಾಲ್ವರು ಕೂಡಿ ಒಂದು ಕಾಗದವನ್ನು ಬರೆದರು. ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್, ಗೆರಿಟ್ ಹೆಂಡರಿಕ್ಸ್, ಡೆರಿಕ್ ಮತ್ತು ಅಬ್ರಹಾಂ ಆಪ್ ಡೆನ್ ಗ್ರಾಫ್ ಎಂಬುವರು ಅದಕ್ಕೆ ಸಹಿ ಹಾಕಿದರು. ಆ ಕಾಗದದ ಇಂಗ್ಲಿಷು ಅಷ್ಟೇನೂ ಶುದ್ಧವಲ್ಲ. ಪರಭಾಷೆಯಲ್ಲಿ ತಡವರಿಸುವವರ ಬರಹವೆಂದು ನೋಡಿದೊಡನೆ ತಿಳಿಯುತ್ತದೆ. ಆದರೆ ತರ್ಕವು ಎಲ್ಲಿಯೂ ತಡವರಿಸುವುದಿಲ್ಲ. ನಮ್ಮನ್ನು ಯಾರಾದರೂ ಹೀಗೆ ನಡೆಸಿಕೊಂಡರೆ ಒಪ್ಪುವೆವೋ ಎಂದು ಅವರು ಕೇಳಿದರು. ಸಮುದ್ರದಲ್ಲಿ ಅಪರಿಚಿತ ಹಡಗನ್ನು ಕಂಡರೆ, ತುರ್ಕರು ಹಿಡಿದು ಮಾರಿಬಿಟ್ಟಾರೆಂದು ಎದೆಯೊಡೆದುಕೊಳ್ಳುವ ಜನರು, ತಾವೇ ಆ ತುರ್ಕರ ಕೆಲಸವನ್ನು ಮಾಡಬಹುದೇ? ಈ ಆಳುಗಳು ಒಂದು ದಿನ ದಂಗೆಯೆದ್ದರೆ, ಅವರನ್ನು ದಾಸ್ಯದಲ್ಲಿಡುವುದಕ್ಕೆ ಒಡೆಯರಿಗಿರುವಷ್ಟು ಹಕ್ಕು ಬಿಡುಗಡೆಗಾಗಿ ಹೋರಾಡುವುದಕ್ಕೆ ಅವರಿಗಿಲ್ಲವೇ? ಇದಲ್ಲದೆ, ಇಲ್ಲಿ ಮನುಷ್ಯರನ್ನು ದನಗಳಂತೆ ನಡೆಸಿಕೊಳ್ಳುತ್ತಾರೆಂಬ ಸುದ್ದಿಯು ಯೂರೋಪಿಗೆ ಮುಟ್ಟಿದರೆ ಬರುವವರೂ ಬಾರದೆ ಹೋದಾರೆಂದೂ ಎಚ್ಚರಿಸಿದರು.

ಕಾಗದದ ಗತಿಯೇನಾಯಿತೆಂಬುದು ಕಚೇರಿಗಳನ್ನು ಬಲ್ಲ ವಾಚಕರಿಗೆ ಆಶ್ಚರ್ಯವನ್ನುಂಟುಮಾಡದು. ಕ್ವೇಕರರ ಮಾಸಿಕ ಸಭೆಯವರು ವಿಷಯವು ತಮ್ಮ ಅಳವಿಗೆ ಮೀರಿದ್ದೆಂದು ತ್ರೈಮಾಸಿಕ ಸಭೆಗೆ ಕಳುಹಿಸಿದರು; ಅವರು ವಾರ್ಷಿಕ ಸಭೆಗೆ ಕಳುಹಿಸಿದರು; ವಾರ್ಷಿಕ ಸಭೆಯವರು ಈಗ ಇದನ್ನು ತೀರ್ಮಾನಿಸುವುದು ಉಚಿತವಲ್ಲವೆಂದು ಕಟ್ಟಿಟ್ಟರು. 1844ರಲ್ಲಿ ಅದು ಮತ್ತೆ ಬೆಳಕಿಗೆ ಬಂದಿತು. ಆ ಮೇಲೆ ಪುನಃ ಕಳೆದುಹೋಗಿ 2005ರಲ್ಲಿ ದೊರೆಯಿತು. ಫಿಲಡೆಲ್ಫಿಯಾದ ಕ್ವೇಕರರು ತಮ್ಮವರಾರೂ ದಾಸರನ್ನು ಇಟ್ಟುಕೊಳ್ಳಬಾರದೆಂದು ನಿಷೇಧಿಸಿದ್ದು 1776ರಲ್ಲಿ, ಅಂದರೆ ಎಂಬತ್ತೆಂಟು ವರ್ಷಗಳಾದ ಮೇಲೆ.

ಜರ್ಮನ್‌ಟೌನಿನ ನೇಕಾರನಿಗೆ ಮಗ್ಗವಿದ್ದಿತು, ಮನೆಯವರ ಕೈಗಳಿದ್ದವು. ಇತರರ ದುಡಿಮೆಯನ್ನು ಅವನು ಬಯಸಬೇಕಾಗಿರಲಿಲ್ಲ. ಭೂಮಿಯನ್ನು ನೆಚ್ಚಿದವರ ಕಥೆ ಬೇರೆ. ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ಪನು 1731ರಲ್ಲಿ ಪ್ರಾಟೆಸ್ಟೆಂಟರನ್ನು ದೇಶಭ್ರಷ್ಟರನ್ನಾಗಿ ಮಾಡಿದಾಗ ಮನೆಮಠಗಳನ್ನು ಬಿಟ್ಟು ಹೊರಟ ಸುಮಾರು ಇಪ್ಪತ್ತು ಸಾವಿರ ಜನರಲ್ಲಿ ಒಂದು ಸಣ್ಣ ತಂಡವು 1734ರಲ್ಲಿ ಜಾರ್ಜಿಯಾಕ್ಕೆ ಬಂದು ಎಬೆನೆಜರ್ ಎಂಬ ಊರನ್ನು ಕಟ್ಟಿತು. ಜಾರ್ಜಿಯಾದಲ್ಲಿ ಆಗ ದಾಸರನ್ನು ತರುವುದಕ್ಕೆ ನಿಷೇಧವಿದ್ದಿತು. ನೆರೆಯ ಭೂಮಾಲಿಕರು ನಿಷೇಧವನ್ನು ತೆಗೆಯಿರೆಂದು ಗದ್ದಲವೆಬ್ಬಿಸಿದಾಗ, ಈ ಸಾಲ್ಜ್‌ಬರ್ಗಿನವರು ತಮ್ಮ ಪಾದ್ರಿಯಾದ ಬೋಲ್ಟ್ಸಿಯಸನೊಂದಿಗೆ ನಿಂತು, 1739ರಲ್ಲಿ ತೆಗೆಯಬೇಡಿರೆಂದು ಮನವಿಯನ್ನು ಕಳುಹಿಸಿದರು. ಬಿಸಿಲಿನ ಸೀಮೆಯಲ್ಲಿ ಬಿಳಿಯರು ಭತ್ತ ಬೆಳೆಯಲಾರರೆಂಬುದು ಸುಳ್ಳು, ನಾವೇ ಬೆಳೆದಿದ್ದೇವೆ ಎಂದು ಅವರು ತಿಳಿಸಿದರು. ಆದರೆ ಆ ಮನವಿಯಲ್ಲಿ ದಯೆಗಿಂತ ಭಯವೇ ಹೆಚ್ಚು. ದಾಸರು ತಮ್ಮ ತೋಟಗಳನ್ನು ಕದ್ದಾರು, ಪ್ರಾಣಕ್ಕೂ ಅಪಾಯವಾದೀತು ಎಂಬುದೂ ಅದರಲ್ಲಿ ಬರೆದಿದೆ. ಭಯದ ಮೇಲೆ ನಿಂತ ಧರ್ಮವು ಭಯ ತಗ್ಗಿದೊಡನೆ ಸಡಲುತ್ತದೆ. ಜರ್ಮನಿಯಿಂದ ಹಿರಿಯ ಪಾದ್ರಿ ಉರ್ಲ್‌ಸ್ಪರ್ಗರನು, ಆಳುಗಳನ್ನು ಕ್ರೈಸ್ತರನ್ನಾಗಿ ಮಾಡುವ ಸಂಕಲ್ಪದಿಂದ ಇಟ್ಟುಕೊಂಡರೆ ಪಾಪವಾಗದೆಂದು ಸಮಾಧಾನ ಬರೆದು ಕಳುಹಿಸಿದನು. ಕೂಲಿಗೆ ಜನ ಸಿಕ್ಕುವುದು ದುರ್ಲಭವಾಗಿದ್ದಿತು. 1751ರಲ್ಲಿ ನಿಷೇಧವು ಹೋಯಿತು; ಎಬೆನೆಜರಿಗೂ ದಾಸರು ಬಂದರು.

ಮುಂದಿನ ಶತಮಾನದಲ್ಲಿಯೂ ಇದೇ ಇಬ್ಬಂದಿ. ಟೆಕ್ಸಾಸಿನ ಗುಡ್ಡಗಾಡಿನಲ್ಲಿ ನೆಲಸಿದ ಜರ್ಮನರಲ್ಲಿ ಕೆಲವರು ದಾಸ್ಯದ ಪಕ್ಷದವರಿಗೆ ಸೇರಲೊಪ್ಪದೆ ಹೊರಟುಹೋಗುತ್ತಿದ್ದಾಗ 1862ರ ಆಗಸ್ಟ್ 10ರಂದು ನ್ಯೂಸೆಸ್ ನದಿಯ ಬಳಿ ಅನೇಕರು ಕೊಲ್ಲಲ್ಪಟ್ಟರು. ಅದೇ ರಾಜ್ಯದ ಬೇರೆ ಊರುಗಳ ಜರ್ಮನರು ಆ ಪಕ್ಷದ ಸೇನೆಗೇ ಸೇರಿದರು.

ಈ ಬೋಲ್ಟ್ಸಿಯಸನು ಹಾಲೆ ಎಂಬ ಊರಿನ ವಿದ್ಯಾಸಂಸ್ಥೆಯಿಂದ ಬಂದವನು. 1706ರಲ್ಲಿ ತರಂಗಂಬಾಡಿಗೆ ಬಂದಿಳಿದು ತಮಿಳು ಕಲಿತ ಜೀಗೆನ್‌ಬಾಲ್ಗನೂ ಅದೇ ಹಾಲೆಯಲ್ಲಿ ಓದಿದವನು. ಒಂದೇ ಬಗೆಯ ಭಕ್ತಿಯು ಒಂದು ಕೈಯನ್ನು ಪಶ್ಚಿಮಕ್ಕೂ ಇನ್ನೊಂದನ್ನು ಪೂರ್ವಕ್ಕೂ ಚಾಚಿದ್ದಿತು. ಆ ಭಕ್ತಿಪಂಥವು ವೂರ್ಟೆಂಬರ್ಗಿನ ಹಳ್ಳಿಗಳಲ್ಲಿ ಬೇರೂರಿ, 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಒಂದು ಮಿಷನ್ ಸಂಸ್ಥೆಯನ್ನು ಹುಟ್ಟಿಸಿತು. ಅದರ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷಗಳ ತರುವಾಯ ಬಂದ ಹರ್ಮನ್ ಮೊಗ್ಲಿಂಗನು ಮಿಟ್ಟೆಲ್‌ಬರ್ಗರನ ಸೀಮೆಯವನೇ.

ಅವರು ಬಂದ ತುಳುನಾಡಿನಲ್ಲಿ ದಾಸ್ಯಕ್ಕೆ ಬೇರೆ ಹೆಸರುಗಳಿದ್ದವು. ನೆಲದೊಂದಿಗೆ ವಂಶಪಾರಂಪರ್ಯವಾಗಿ ಅಂಟಿಕೊಂಡವನು ಮೂಲದಾಳು. ಸಾಲಕ್ಕೆ ಸಿಕ್ಕವನು ಇನ್ನೊಬ್ಬ. ಅಸ್ಪೃಶ್ಯರೆನಿಸಿಕೊಂಡಿದ್ದ ಕುಲಗಳವರೇ ಇವರಲ್ಲಿ ಬಹುಮಂದಿ. 1801ರಲ್ಲಿ ಕೆನರಾ ಸೀಮೆಯನ್ನು ಸಂಚರಿಸಿದ ಬುಕಾನನ್ ಎಂಬ ವೈದ್ಯನು ಬೆಳೆಗಳ ಧಾರಣೆಯನ್ನು ಬರೆದುಕೊಂಡಂತೆಯೇ ಆಳುಗಳ ಬೆಲೆಯನ್ನೂ ಬರೆದುಕೊಂಡನು. ಕೊಡಗಿನಲ್ಲಿ ಅರಸರ ಪಣ್ಯಗಳೆಂಬ ಸ್ವಂತ ಜಮೀನುಗಳಲ್ಲಿಯೂ ಕೊಡವರ ಜಮ್ಮಾ ಭೂಮಿಗಳಲ್ಲಿಯೂ ಇಂಥ ಆಳುಗಳೇ ಗೇಯುತ್ತಿದ್ದರು.

1843ನೆಯ ಇಸವಿಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಆ ವರ್ಷದ ಏಪ್ರಿಲಿನಲ್ಲಿ ಕುಂಪಣಿ ಸರ್ಕಾರವು ಐದನೆಯ ಆಕ್ಟನ್ನು ಹೊರಡಿಸಿತು. ಕಂದಾಯದ ಬಾಕಿಗಾಗಿಯಾಗಲಿ ಡಿಕ್ರಿಗಾಗಿಯಾಗಲಿ ಸರ್ಕಾರದ ಅಧಿಕಾರಿಗಳು ಮನುಷ್ಯನನ್ನು ಮಾರಕೂಡದು. ಇಂಥವನು ತನ್ನ ದಾಸನೆಂಬ ಹಕ್ಕನ್ನು ಯಾವ ನ್ಯಾಯಸ್ಥಾನವೂ ನಡೆಸಿಕೊಡಕೂಡದು. ದಾಸನೆಂಬ ನೆವದಿಂದ ಯಾರ ಆಸ್ತಿಯನ್ನೂ ಕಸಿಯಕೂಡದು. ಸ್ವತಂತ್ರನಿಗೆ ಮಾಡಿದರೆ ಅಪರಾಧವಾಗುವುದು ದಾಸನಿಗೆ ಮಾಡಿದರೂ ಅಪರಾಧವೇ. ದಾಸರನ್ನು ಬಿಟ್ಟುಬಿಡಿರೆಂದು ಈ ಆಕ್ಟು ಎಲ್ಲಿಯೂ ಹೇಳಲಿಲ್ಲ. ಬಿಟ್ಟುಹೋದವನನ್ನು ಹಿಡಿದು ತಂದುಕೊಡುವುದಿಲ್ಲವೆಂದು ಮಾತ್ರ ಹೇಳಿತು. ಅದೇ ವರ್ಷದ ಜುಲೈ 1ರಂದು ಮೊಗ್ಲಿಂಗನು ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದನು. ಅದೇ ವರ್ಷವೇ ಅದೇ ಬಾಸೆಲಿನ ಮಿಷನ್ನಿನವರು ಜಮೈಕಾ, ಆಂಟಿಗುವಾ ದ್ವೀಪಗಳಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದ್ದ ಕರಿಯ ಕ್ರೈಸ್ತರ ಕುಟುಂಬಗಳನ್ನು ಹಡಗಿನಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ ಕರೆತಂದು ಅಕ್ರೊಪಾಂಗ್ ಎಂಬಲ್ಲಿ ನೆಲಸಿಸಿದರು. ಮನುಷ್ಯರನ್ನು ಹೊತ್ತು ಹೋದ ಕಡಲಿನಲ್ಲಿಯೇ ಅವರ ಸಂತತಿಯು ಹಿಂದಿರುಗಿತು.

ಆದರೆ ಅದೇ ಗೋಲ್ಡ್ ಕೋಸ್ಟಿನಲ್ಲಿ, ಕ್ರೈಸ್ತರಾದವರು ತಮ್ಮ ಮನೆಯ ದಾಸರನ್ನು ಬಿಡಬೇಕೆಂದು 1860ರ ದಶಕದ ಮೊದಲಲ್ಲಿ ಬಾಸೆಲಿನ ಆಡಳಿತದವರು ಕಟ್ಟಪ್ಪಣೆ ಮಾಡಿದಾಗ, ಸ್ಥಳದಲ್ಲಿದ್ದ ಪಾದ್ರಿಗಳಲ್ಲಿ ಕೆಲವರು ಹಿಂಜರಿದರು. ಅವರಲ್ಲಿ ಮುಖ್ಯನು ಜಿಮ್ಮರ್‌ಮನ್. ಆತನ ಹೆಂಡತಿ ಕ್ಯಾಥರೀನ್ ಮಲ್‌ಗ್ರೇವಳು ಬಾಲ್ಯದಲ್ಲಿ ಆಫ್ರಿಕಾದ ಕರಾವಳಿಯಿಂದ ಅಪಹೃತಳಾಗಿ ದಾಸರ ಹಡಗಿನಲ್ಲಿ ಸಾಗಿಸಲ್ಪಟ್ಟವಳು. ಅಂಥವಳ ಗಂಡನೇ, ಇಲ್ಲಿಯ ದಾಸ್ಯವು ಅಮೆರಿಕಾದ ದಾಸ್ಯದಂಥದಲ್ಲ, ಮನೆಯ ಯಜಮಾನನಿಗೂ ಮನೆಯವರಿಗೂ ಇರುವ ಸಂಬಂಧದಂಥದು, ಮೆಲ್ಲನೆ ಸಡಲಿಸಬೇಕು ಎಂಬ ಪಕ್ಷವನ್ನು ಹಿಡಿದನು. ಬೈರಮಂಗಲದ ಮುದುಕನು ಮಾಡಿದ ಭೇದವನ್ನೇ ಆತನೂ ಮಾಡಿದನು. ಒಂದು ವ್ಯತ್ಯಾಸವುಂಟು. ಮುದುಕನು ತನ್ನ ಮಾನವನ್ನು ಉಳಿಸಿಕೊಳ್ಳುವುದಕ್ಕಾಗಿ ಆ ಮಾತನ್ನಾಡಿದನು. ಪಾದ್ರಿಯು ಇತರರ ಬಿಡುಗಡೆಯನ್ನು ತಡಮಾಡುವುದಕ್ಕಾಗಿ ಆಡಿದನು.

ಮಂಗಳೂರಿನ ಪಾದ್ರಿಗಳಿಗೆ ಈ ವಾದದ ಅವಶ್ಯಕತೆಯು ಅಷ್ಟಾಗಿ ಬೀಳಲಿಲ್ಲ. ತಿರುವಾಂಕೂರಿನಲ್ಲಿ ದಾಸ್ಯವನ್ನು ತೆಗೆದುಹಾಕಬೇಕೆಂದು ಇಂಗ್ಲಿಷ್ ಮಿಷನರಿಗಳು 1847ರಲ್ಲಿ ಮಹಾರಾಜರಿಗೆ ಮನವಿ ಮಾಡಿದರು. 1855ರಲ್ಲಿ ಅಲ್ಲಿ ಬಿಡುಗಡೆಯ ಘೋಷಣೆಯಾಯಿತು. ಕುಂಪಣಿಯ ಸೀಮೆಯಲ್ಲಿಯಾದರೋ ಕಾನೂನು ಆಗಲೇ ಆಗಿದ್ದಿತು. ಉಳಿದುದು ಅನ್ನದ ಪ್ರಶ್ನೆ. ಒಡೆಯನ ಗದ್ದೆಯನ್ನು ಬಿಟ್ಟು ಹೊರಗೆ ಬಂದವನು ಸಂಜೆಗೆ ಏನನ್ನು ಉಣ್ಣಬೇಕು? ಅವನ ಗುಡಿಸಲು ಒಡೆಯನ ನೆಲದಲ್ಲಿದೆ. ಜರ್ಮನರು ಬಾಯಲ್ಲಿ ಜಾತಿಯನ್ನು ಹಳಿದಷ್ಟು ದಾಸ್ಯವನ್ನು ಹಳಿದವರಲ್ಲ. ಆದರೆ ಈ ಪ್ರಶ್ನೆಯನ್ನು ಅವರು ತಪ್ಪಿಸಿಕೊಳ್ಳಲಿಲ್ಲವೆಂಬುದನ್ನು ಒಪ್ಪಬೇಕು. ಮಗ್ಗಗಳನ್ನು ಹಾಕಿಸಿದರು; 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಕಟ್ಟಿದರು. ಜಾತಿಯನ್ನು ಬಿಟ್ಟದ್ದರಿಂದ ಕಸುಬನ್ನು ಕಳೆದುಕೊಂಡವರಿಗೆ ಅಲ್ಲಿ ಕೆಲಸ ಸಿಕ್ಕಿತು. ಕೆಲಸವನ್ನು ಕೊಟ್ಟವರೂ, ಮನೆಯನ್ನು ಕೊಟ್ಟವರೂ, ಭಾನುವಾರ ಉಪದೇಶಿಸುವವರೂ ಒಂದೇ ಕೈಯವರಾದಾಗ ಆ ಕೈ ಎಷ್ಟು ಮೃದುವಾಗಿದ್ದರೂ ಅದರ ಭಾರವು ತಿಳಿಯದೆ ಇರದು.

ಕೊಡಗಿನಲ್ಲಿ ನಡೆದುದು ಇದಕ್ಕಿಂತ ಹೃದಯಂಗಮವಾದುದು. ಆಲ್ಮಂಡದ ಕೊಡವನಾದ ಸೋಮಯ್ಯನೆಂಬುವನು ಕ್ರೈಸ್ತನಾಗಿ ಸ್ಟೆಫಾನಸನೆಂಬ ಹೆಸರನ್ನು ಹೊಂದಿದನು. 1853ರಲ್ಲಿ ಮೊಗ್ಲಿಂಗನು ಅವನೊಂದಿಗೆ ಕೊಡಗಿಗೆ ಹೋದನು. ಯೋಧರೂ ಭೂಮಾಲಿಕರೂ ಆದ ಕೊಡವರು ಗುಂಪುಗುಂಪಾಗಿ ತನ್ನ ಕಡೆಗೆ ಬಂದಾರೆಂಬ ಆಸೆ ಆತನಿಗಿದ್ದಂತೆ ತೋರುತ್ತದೆ. ಅವರು ಬರಲಿಲ್ಲ. ಬಂದವರು ಅವರ ಗದ್ದೆಗಳ ಆಳುಗಳು. ಕವಿಗಳ ಕಾವ್ಯಗಳನ್ನು ಸಂಗ್ರಹಿಸಿ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚುಹಾಕಿಸಿದ ವಿದ್ವಾಂಸನು ಹೀಗೆ ಅಕ್ಷರವನ್ನೇ ಕಂಡರಿಯದ ಆಳುಗಳ ನಡುವೆ ಕುಳಿತನು. ಅವರಿಗಾಗಿ ಕಾಡಿನ ನೆಲವನ್ನು ಸಂಪಾದಿಸಿ, ಅಮ್ಮತ್ತಿಯ ಹತ್ತಿರ ಆನಂದಪುರವೆಂಬ ಊರು ಕಟ್ಟಲ್ಪಟ್ಟಿತು. ಅನಾರೋಗ್ಯಪೀಡಿತನಾಗಿ 1860ರಲ್ಲಿ ಆತನು ಸ್ವದೇಶಕ್ಕೆ ಹಿಂದಿರುಗಿದನು, 1881ರಲ್ಲಿ ತೀರಿಕೊಂಡನು. ಆನಂದಪುರವು ಉಳಿಯಿತು. ಒಡೆಯನ ಗದ್ದೆಯ ಅಂಚಿನಲ್ಲಲ್ಲದೆ ಎಲ್ಲಿಯೂ ಗುಡಿಸಲು ಹಾಕಿ ಅರಿಯದ ಜನರಿಗೆ ಹೆಸರುಳ್ಳ ಒಂದು ಊರು ದೊರೆತುದು ಸಾಮಾನ್ಯ ಸಂಗತಿಯಲ್ಲ.

ಆ ವೇಳೆಗೇ ಕೊಡಗಿನಲ್ಲಿ ಇನ್ನೊಬ್ಬ ಒಡೆಯನು ಕಾಲಿಟ್ಟಿದ್ದನು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ದೊರೆಯು ಕಾಫಿ ತೋಟವನ್ನು ಹಾಕಿದನು. ಬೇಗನೆ ತೋಟಗಳು ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿದವು. ಮೂಲದೊಡೆಯನನ್ನು ಬಿಟ್ಟ ಆಳಿಗೆ ಅಲ್ಲಿ ಕೆಲಸವುಂಟು, ಕೈಗೆ ಮುಂಗಡವೂ ಉಂಟು. ಆದರೆ 1859ರ ಹದಿಮೂರನೆಯ ಆಕ್ಟಿನಂತೆ ಮುಂಗಡವನ್ನು ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಿ ದುಡಿಸಬಹುದು, ಇಲ್ಲವೆ ಸೆರೆಗೆ ಹಾಕಿಸಬಹುದು. 1843ರಲ್ಲಿ ದಾಸನನ್ನು ಹಿಡಿದುಕೊಡುವುದಿಲ್ಲವೆಂದ ಸರ್ಕಾರವೇ ಹದಿನಾರು ವರ್ಷಗಳ ತರುವಾಯ ಸಾಲಗಾರನನ್ನು ಹಿಡಿದುಕೊಡಲೊಪ್ಪಿತು. ಮೂಲದಾಳು ಸಾಲದಾಳಾದನು. 1925ರಲ್ಲಿ ಆ ಆಕ್ಟನ್ನು ರದ್ದುಪಡಿಸುವ ಕಾನೂನಾಯಿತು.

ಸಾಲದಾಳಿನ ಬಿಡುಗಡೆಗೆ ಇನ್ನೂ ಅರ್ಧ ಶತಮಾನ ಬೇಕಾಯಿತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ, 1976ರಲ್ಲಿ ಕಾನೂನಾಗಿ, ಜೀತವೆಂಬುದು ಇಡೀ ದೇಶದಲ್ಲಿ ನಿಷಿದ್ಧವಾಯಿತು. ಜೀತಕ್ಕೆ ಕಾರಣವಾದ ಸಾಲವೂ ಅದರೊಂದಿಗೆ ಅಳಿಸಿಹೋಯಿತು. ದೇವರಾಜ ಅರಸರು ಆಗ ಕರ್ನಾಟಕದ ಮುಖ್ಯಮಂತ್ರಿಗಳು. ಕಾನೂನಾದ ಮೇಲೆಯೂ 20ನೆಯ ಶತಮಾನದ ಕೊನೆಯವರೆಗೆ ರಾಮನಗರ, ಮಾಗಡಿಗಳ ಕೆಲವು ರೇಷ್ಮೆ ಹುರಿಮನೆಗಳಲ್ಲಿ, ತಂದೆತಾಯಿ ಪಡೆದ ಮುಂಗಡಕ್ಕಾಗಿ ಎಳೆಯ ಮಕ್ಕಳು ದುಡಿಯುತ್ತಿದ್ದುದನ್ನು ನೋಡಿ ಬರೆದಿಟ್ಟವರಿದ್ದಾರೆ. ಮಿಟ್ಟೆಲ್‌ಬರ್ಗರನು ಫಿಲಡೆಲ್ಫಿಯಾ ಬಂದರಿನಲ್ಲಿ ಕಂಡ ಮಕ್ಕಳ ವಯಸ್ಸಿನವರೇ ಅವರೂ.

ನಾರದಸ್ಮೃತಿಯಲ್ಲಿ ದಾಸನನ್ನು ಬಿಡುಗಡೆ ಮಾಡುವುದಕ್ಕೆ ಒಂದು ವಿಧಿಯಿದೆ. ಒಡೆಯನು ಆಳಿನ ಹೆಗಲ ಮೇಲಿನ ನೀರಿನ ಕೊಡವನ್ನು ತೆಗೆದುಕೊಂಡು ಒಡೆಯಬೇಕು. ಅಕ್ಷತೆ ಹೂಗಳು ಬೆರೆತ ನೀರನ್ನು ಅವನ ತಲೆಯ ಮೇಲೆ ಪ್ರೋಕ್ಷಿಸಿ, ಇವನು ದಾಸನಲ್ಲವೆಂದು ಮೂರು ಸಲ ಹೇಳಿ ಕಳುಹಿಸಬೇಕು. ಬೈರಮಂಗಲದಲ್ಲಿ ಹಾಗೇನೂ ನಡೆಯಲಿಲ್ಲ. ಕಾನೂನು ಬಂದಿದೆಯೆಂದು ಯಾರೋ ಬಿಡದಿಯ ಸಂತೆಯಲ್ಲಿ ಹೇಳಿದರು. ಮಾರನೆಯ ದಿನ ಆತನು ಎಂದಿನಂತೆ ಎತ್ತುಗಳಿಗೆ ಹುಲ್ಲು ಹಾಕಿ, ಕೊಟ್ಟಿಗೆಯನ್ನು ಗುಡಿಸಿ, ಆ ವರ್ಷದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದನು. ಯಾರೂ ತಡೆಯಲಿಲ್ಲ, ಯಾರೂ ಏನೂ ಹೇಳಲೂ ಇಲ್ಲ. ಎತ್ತುಗಳಿಗೆ ನೀರು ಕುಡಿಸಿದೆನೋ ಇಲ್ಲವೋ ಎಂಬ ಅನುಮಾನದಿಂದ ಸಂಜೆ ಮತ್ತೊಮ್ಮೆ ಹೋಗಿ ನೋಡಿ ಬಂದನಂತೆ.